ಆ ಪಂಚಮ ಯಾರದು?

ನಮ್ಮ ಮನೆಯ ಟೂ ಇನ್ ಒನ್‌ನ ಬಲಗಡೆ ಸ್ಪೀಕರ್ ಕೆಟ್ಟು ಎಷ್ಟೋ ಕಾಲವಾಯಿತು. ಪ್ರತಿ ಯುಗಾದಿಗೂ ರಿಪೇರಿ ಮಾಡಿಸಬೇಕು ಅಂದುಕೊಳ್ಳುತ್ತೇನೆ. ಮಾಡಿಸುವುದಿಲ್ಲ. ವಾರ್ತೆ ಕೇಳುವುದಕ್ಕೆ ಒಂದು ಸ್ಪೀಕರ್ ಸಾಲದೇ?

ದಸರೆಗೆ ಮುಂಚಿನ ಒಂದು ಭಾನುವಾರ ಆ ಅರೆಜೀವದ ಪೆಟ್ಟಿಗೆಗೆ ಹಳೆಯ ಕಚೇರಿಯೊಂದರ ಕ್ಯಾಸೆಟ್ ಹಾಕಿದೆವು. ಕಾಂಬೋಜಿ ರಾಗ. ಗಾಯಕರ ದನಿ ನಿಧಾನವಾಗಿ ಮೇಲೇರಿತು. ಮೇಲಿನ ಷಡ್ಜ ಮುಟ್ಟಿತು. ರಿಷಭ, ಗಾಂಧಾರ. ಮಧ್ಯಮದಲ್ಲಿ ತುಸು ತೂಗಿತು. ಆಮೇಲೆ?

ಆಮೇಲೆ ಏನೂ ಇಲ್ಲ. ಒಂದು ಉಸಿರಿನ ಸದ್ದು. ಹಿಂದೆ ತಂಬೂರಿ. ಬಹಳ ದೂರದಲ್ಲಿ, ಪಕ್ಕದ ಬೀದಿಯಲ್ಲೆಲ್ಲೋ ಎಂಬಂತೆ, ನಾದದ ಒಂದು ಎಳೆ. ಸ್ವಲ್ಪ ಹೊತ್ತು ಹಾಗೇ. ಮತ್ತೆ ಇದ್ದಕ್ಕಿದ್ದಂತೆ ಚಪ್ಪಾಳೆ. ಜೋರು ಚಪ್ಪಾಳೆ. 'ಭೇಷ್' ಅಂತ ಯಾರೋ ಕೂಗಿದ್ದೂ ಕೇಳಿಸಿತು.

ಒಂದು ಇಡೀ ಸಭೆ ಮೌನಕ್ಕೆ ಚಪ್ಪಾಳೆ ತಟ್ಟಿತ್ತು. ಆ ಸಭೆಯಲ್ಲಿ ನಾನೂ ಇದ್ದೆ.

"ಟೇಪು ಕಟ್ಟಾಗ್ಬುಟ್ಟದ ಕಣ್ ಸಾ," ಅಂದ ಮಹದೇವಸ್ವಾಮಿ. ಅವನ ಮುಖ ಬಿಳಿಚಿಕೊಂಡಿತ್ತು.

"ಕಟ್ಟಾಗಿದ್ರೆ ಚಪ್ಪಾಳೆ ಎಲ್ಲಿಂದ ಬಂತಪ್ಪ?" ಅಂದಳು ಕಾಫಿ ತಂದ ನನ್ನ ಹೆಂಡತಿ ಸುಮ.

ಮಹದೇವಸ್ವಾಮಿ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವನು. ಸಂಗೀತ ಕಲಿತವನಲ್ಲ. ಆದರೆ ಕ್ಯಾಸೆಟ್ಟಿನಲ್ಲಿದ್ದ ಗಾಯಕ ಅವನ ತಂದೆ, ದಿವಂಗತ ರುದ್ರಮೂರ್ತಿ ಮೇಷ್ಟ್ರು. ಹೊಟ್ಟೆಪಾಡಿಗೆ ಶಾಲೆಯ ಸಂಗೀತದ ಮೇಷ್ಟರು, ಉಳಿದ ಹೊತ್ತೆಲ್ಲ ವಿದ್ವಾಂಸರು. ತಾಮ್ರದ ಹಂಡೆಯೊಳಗೆ ಬಾಯಿಟ್ಟು ಹಾಡಿದಂಥ ದನಿ. (ಹುಡುಗರು ಹಿಂದಿನಿಂದ 'ಹಂಡೆ ಮೇಷ್ಟ್ರು' ಅನ್ನುತ್ತಿದ್ದರು. ನಾನೂ ಅಂದಿದ್ದೇನೆ.) ನಂಜನಗೂಡಿನಿಂದ ಟಿ. ನರಸೀಪುರದವರೆಗೆ ಮದುವೆ, ಮಠದ ಕಾರ್ಯಕ್ರಮ, ಶಿವರಾತ್ರಿ ಯಾವುದಿದ್ದರೂ ಒಂದು ಕಾಲದಲ್ಲಿ ಅವರದೇ ಕಚೇರಿ.

ಮಗನಿಗೆ ಈಗ ತಂದೆಯ ಕಾಂಬೋಜಿಯನ್ನು ಸಿ.ಡಿ. ಮಾಡಿಸುವ ಆಸೆ. ಮೈಸೂರಿನಲ್ಲಿ ಸ್ಟುಡಿಯೊ ಗೊತ್ತು ಮಾಡಿಕೊಂಡಿದ್ದ. ಕವರಿನ ಹಿಂಬದಿಗೆ ನಾನು ನಾಲ್ಕು ಸಾಲು ಬರೆದುಕೊಡಬೇಕು.

"ನೀವು ಪೇಪರ್‍ನಲ್ಲಿ ಬರ್ದಿದ್ರಲ್ಲ ಸಾ, ಅಪ್ಪಾಜಿ ಪಂಚಮ ಮುಟ್ಟಿದ್ದು. ಅದ್ನೇ ಒಸಿ ಚಿಕ್ಕದು ಮಾಡ್ಕೊಡಿ. ಆ ಕಟಿಂಗ್ ನಮ್ ಫ್ಯಾಕ್ಟ್ರೀಲಿ ತೋರುಸ್ದೆ ಇರೋರೇ ಇಲ್ಲ."

ಹೌದು, ಬರೆದಿದ್ದೆ. ಇದೇ ಅಂಕಣದಲ್ಲಿ, ಮೇಷ್ಟ್ರು ತೀರಿಕೊಂಡ ವಾರ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ತೊಂಬತ್ತರ ದಶಕದ ನಡುವಿನ ಒಂದು ಸಂಜೆ, ನರಸೀಪುರದ ಸಂಗಮದ ಬಳಿಯ ಛತ್ರದಲ್ಲಿ ನಡೆದ ಕಚೇರಿಯ ಬಗ್ಗೆ. ಅರವತ್ತು ದಾಟಿದ ಮುದುಕರು, ಅಷ್ಟು ತಗ್ಗಿನ ದನಿಯವರು, ಮೇಲಿನ ಸ್ಥಾಯಿಯ ಪಂಚಮಕ್ಕೆ, ಅಂದರೆ ತಾರ ಪಂಚಮಕ್ಕೆ, ಹೋಗಿ ನಿಂತದ್ದರ ಬಗ್ಗೆ. ಸಂಗೀತ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಅಂಥ ದನಿಗೆ ಆ ಸ್ವರ ಅಂದರೆ ಬೆಟ್ಟ ಹತ್ತಿಹೋಗಿ, ಏದುಸಿರು ಬಿಡದೆ, ತುದಿಯಲ್ಲಿ ನಿಂತು ಹಾಡುವುದು. ಹರೆಯದವರೇ ಹೆದರುತ್ತಾರೆ.

ಹೇಗೆ ಬರೆದಿದ್ದೆ? 'ಕತ್ತಿನ ನರ ಉಬ್ಬಿತು, ಬಲಗೈ ಆಕಾಶಕ್ಕೆ ಎದ್ದಿತು, ಪಂಚಮ ದೀಪದಂತೆ ನಿಂತಿತು. ಪಕ್ಕವಾದ್ಯದ ಪಿಟೀಲು ಕೂಡ ಬೆರಗಾಗಿ ಕಮಾನು ಕೆಳಗಿಟ್ಟು ಕುಳಿತಿತು.'

ಚೆನ್ನಾಗಿದೆಯಲ್ಲವೇ? ನನಗೂ ಚೆನ್ನಾಗಿದೆ ಅನ್ನಿಸಿತ್ತು.

ಸುಮ ಮಗಳ ವಾಕ್‌ಮನ್ ತಂದಳು. ಕ್ಯಾಸೆಟ್ ಅದಕ್ಕೆ ಹಾಕಿ, ಹೆಡ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡೆ. ಪಂಚಮ ಬಂತು! ತುಂಬು ಪಂಚಮ, ಅಲ್ಲಾಡದ ಪಂಚಮ. ಮಹದೇವಸ್ವಾಮಿಗೆ ಕೊಟ್ಟೆ. ಅವನ ಮುಖಕ್ಕೆ ಜೀವ ಬಂತು. "ಅದ ಸಾ, ಅದ! ನಿಮ್ ಟೇಪ್ ರೆಕಾರ್ಡರ್‍ದೇ ಪ್ರಾಬ್ಲಮ್ಮು."

ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಆದರೆ ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಒಂದೇ ವಿದ್ಯೆ, ಕೆದಕುವುದು. ಹೆಡ್‌ಫೋನಿನ ಬಲಗಡೆಯದನ್ನು ಕಿವಿಯಿಂದ ಸರಿಸಿದೆ. ಮತ್ತೆ ಅದೇ ಉಸಿರು, ಅದೇ ತಂಬೂರಿ. ಎಡಗಡೆಯದನ್ನು ಸರಿಸಿ ಬಲಗಡೆಯದನ್ನು ಇಟ್ಟುಕೊಂಡೆ. ಪಂಚಮ.

ಆ ಕಚೇರಿಯನ್ನು ರೆಕಾರ್ಡ್ ಮಾಡಿದವರು ಸಂಗೀತದ ಹುಚ್ಚಿದ್ದ ಒಬ್ಬ ಬ್ಯಾಂಕ್ ನೌಕರರು. ಅವರು ಎರಡು ಮೈಕ್ ಇಟ್ಟಿದ್ದರು ಎಂದು ಮಹದೇವಸ್ವಾಮಿಯೇ ನೆನಪಿಸಿಕೊಂಡ. ಒಂದು ಗಾಯಕರ ಮುಂದೆ, ಒಂದು ಪಕ್ಕವಾದ್ಯದ ಮುಂದೆ. ಎಡಗಿವಿಗೆ ಗಾಯಕರು. ಬಲಗಿವಿಗೆ ಪಕ್ಕವಾದ್ಯ.

ಹಾಗಾದರೆ ಆ ಪಂಚಮವನ್ನು ಹಾಡಿದ್ದು ಒಂದು ವಾದ್ಯ. ಕಮಾನು ಕೆಳಗಿಟ್ಟು ಬೆರಗಾಗಿ ಕೂತಿತ್ತು ಎಂದು ನಾನು ಬರೆದಿದ್ದೆನಲ್ಲ, ಅದೇ ವಾದ್ಯ.

"ನಾನು ಕಣ್ಣಾರೆ ನೋಡಿದೀನಿ," ಅಂದೆ ಸುಮಳಿಗೆ. "ಎಡಗಡೆ ಕಂಬದ ಪಕ್ಕ, ಎರಡನೇ ಸಾಲಲ್ಲಿ ಕೂತಿದ್ದೆ. ಕತ್ತಿನ ನರ ಉಬ್ಬಿದ್ದು ಕಾಣಿಸ್ತಿತ್ತು."

"ಎರಡನೇ ಸಾಲಾ? ನಿಮ್ಮ ಬಸ್ಸು ಲೇಟಾಗಿ ಬಂದು ಚಪ್ಪಲಿ ಬಿಡೋ ಜಾಗದಲ್ಲಿ ನಿಂತಿದ್ರಿ. ನಾನೇ ಕೈ ಬೀಸಿ ಕರೆದೆ, ಒಳಗೆ ಬರಕ್ಕಾಗಲಿಲ್ಲ."

"ಇಲ್ಲವೇ ಇಲ್ಲ."

"ಸರಿ ಬಿಡಿ. ನಮ್ಮ ಮದುವೆ ದಿನ ನಾನು ಯಾವ ಬಣ್ಣದ ಸೀರೆ ಉಟ್ಟಿದ್ದೆ ಹೇಳಿ ನೋಡೋಣ."

ಈ ಪ್ರಶ್ನೆಗೆ ಉತ್ತರ ಗೊತ್ತಿರುವ ಗಂಡಸರು ಕೈ ಎತ್ತಿ.

ಚಪ್ಪಲಿ ಬಿಡುವ ಜಾಗದಿಂದ ಕತ್ತಿನ ನರ ಕಾಣುವುದಿಲ್ಲ. ಹಾಗಾದರೆ ಆ ನರ ಎಲ್ಲಿಂದ ಬಂತು? ನಾನು ನೋಡಿ ಬರೆದೆನೋ, ಬರೆದದ್ದರಿಂದ ನೋಡಿದೆನೋ? ಆ ಸಂಜೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ ಅದರಲ್ಲಿ ಆ ದಿನದ್ದು ಎಷ್ಟು, ನನ್ನದು ಎಷ್ಟು ಎಂದು ಬಿಡಿಸುವುದು ಈಗ ನನ್ನಿಂದಾಗದು. ಕಣ್ಣು ಮುಚ್ಚಿ ವೇದಿಕೆಯನ್ನು ಮತ್ತೆ ನೋಡಲು ಯತ್ನಿಸಿದೆ. ಮೇಷ್ಟ್ರು ಇದ್ದಾರೆ. ಮೃದಂಗದವರ ಕಡಗ ಸಹ ಇದೆ. ಪಕ್ಕವಾದ್ಯದ ಜಾಗದಲ್ಲಿ ಯಾರೂ ಇಲ್ಲ. ಬರೀ ಜಮಖಾನೆ.

ಅಲ್ಲಿ ಕೂತಿದ್ದವರು ನನಗೆ ಚೆನ್ನಾಗಿ ಗೊತ್ತಿದ್ದವರು. ನಂಜನಗೂಡಿನಲ್ಲಿ ನಮ್ಮದೇ ಬೀದಿಯ ಸರ್ವಮಂಗಳ ಟೀಚರ್. ಸುಮ ಮದುವೆಗೆ ಮುಂಚೆ ಅವರ ಬಳಿ ಪಾಠ ಹೇಳಿಸಿಕೊಂಡವಳು. ಅವರು ನುಡಿಸುತ್ತಿದ್ದುದು ಪಿಟೀಲಲ್ಲ, ವಯೋಲ.

ವಯೋಲ ಅಂದರೆ ಪಿಟೀಲಿನ ಅಕ್ಕ. ಗಾತ್ರ ದೊಡ್ಡದು, ದನಿ ತಗ್ಗಿನದು. ನಮ್ಮೂರಲ್ಲಿ ಅದಕ್ಕೆ 'ದೊಡ್ಡ ಪಿಟೀಲು' ಅಂತಲೇ ಹೆಸರು. ಟೀಚರ ತಂದೆಗೆ ನರಸೀಪುರದಲ್ಲಿ ಬೆಲ್ಲದ ಮಂಡಿ ಇತ್ತು. ಮಗಳನ್ನು ಮೈಸೂರಿನಲ್ಲಿ ಪಿಟೀಲು ಕಲಿಯಲು ಬಿಟ್ಟರು. ಕಲಿಸಿದವರು ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ನುಡಿಸಿ ನಿವೃತ್ತರಾಗಿದ್ದ ವೃದ್ಧರು. ಹುಡುಗಿಯ ಉದ್ದನೆಯ ಕೈ ನೋಡಿ, "ನಿನಗೆ ಇದು ಆಟಿಕೆ," ಎಂದು ಪಿಟೀಲು ಕಿತ್ತುಕೊಂಡು, ಮೂಲೆಯಲ್ಲಿ ಬಟ್ಟೆ ಸುತ್ತಿಟ್ಟಿದ್ದ ವಯೋಲ ಕೊಟ್ಟರಂತೆ. ಆ ವಾದ್ಯದ ಜೊತೆಗೇ ಅವರ ಕಷ್ಟವೂ ಶುರುವಾಯಿತು.

ಹಾಡುವ ಹೆಂಗಸರದು ಎತ್ತರದ ಶ್ರುತಿ. ಅಲ್ಲಿಗೆ ವಯೋಲದ ತಂತಿ ಬಿಗಿದರೆ ಕಿತ್ತುಹೋಗುತ್ತದೆ. ಹಾಡುವ ಗಂಡಸರದು ತಗ್ಗಿನ ಶ್ರುತಿ, ಸರಿ. ಆದರೆ ಅವರಲ್ಲಿ ಬಹಳ ಮಂದಿ ಹೆಂಗಸಿನ ಪಕ್ಕವಾದ್ಯಕ್ಕೆ ಒಪ್ಪುತ್ತಿರಲಿಲ್ಲ. "ಗಂಡಸಿನ ಹಾಡಿಗೆ ಹೆಂಗಸಿನ ಕಮಾನು ಶೋಭಿಸಲ್ಲ," ಎಂದು ಸಂಗೀತ ಸಭೆಯೊಂದರ ಕಾರ್ಯದರ್ಶಿ ಅವರ ಮುಖಕ್ಕೇ ಹೇಳಿದ್ದರಂತೆ. "ಪಿಟೀಲು ತಂದರೆ ನೋಡೋಣ, ಅದೂ ಹೆಂಗಸರ ಕಚೇರಿಗೆ." ಎರಡೂ ಕಡೆಗೆ ಸಲ್ಲದೆ ಹೋದರು.

ಸಂದವರು ರುದ್ರಮೂರ್ತಿ ಮೇಷ್ಟ್ರಿಗೆ ಮಾತ್ರ. ಮೇಷ್ಟ್ರ ಶ್ರುತಿ ಎಷ್ಟು ತಗ್ಗೆಂದರೆ ಪಿಟೀಲಿನವರು ತಂತಿ ಸಡಿಲಿಸಿ ಸಡಿಲಿಸಿ, ಕೊನೆಗೆ ಅದು ನಾದ ಮಾಡದೆ ಗೊಣಗುತ್ತಿತ್ತು. ವಯೋಲ ಸರಿಹೊಂದಿತು. ಅವರಿಗೆ ಬೇರೆ ಪಕ್ಕವಾದ್ಯ ಸಿಗಲಿಲ್ಲ, ಇವರಿಗೆ ಬೇರೆ ಗಾಯಕರು ಸಿಗಲಿಲ್ಲ. ಹೀಗೆ ವರ್ಷಗಟ್ಟಲೆ ಒಂದೇ ಜಮಖಾನೆಯ ಮೇಲೆ ಕೂತರು.

ಮಹದೇವಸ್ವಾಮಿ ಅವತ್ತೇ ಹೊರಟು ನಿಂತ. "ಬನ್ನಿ ಸಾ, ಅತ್ತೆಯವರನ್ನೇ ಕೇಳುವ. ಟೇಪಿಂದೇ ತಪ್ಪು ಅಂತ ಅವ್ರೇ ಹೇಳ್ತರ." ಚಿಕ್ಕಂದಿನಿಂದ ಅವನು ಟೀಚರನ್ನು ಕರೆಯುವುದು ಅತ್ತೆ ಅಂತಲೇ.

ನಾವು ಹೋದಾಗ ಪಾಠ ನಡೆಯುತ್ತಿತ್ತು. ಟೀಚರ ಪಾಠ ನೋಡದವರಿಗೆ ಅದು ವಿಚಿತ್ರ. ಶಿಷ್ಯೆಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂತಿರುತ್ತಾರೆ. ಶಿಷ್ಯೆ ಒಂದು ಸ್ವರವನ್ನು ಬಾಯಲ್ಲಿ ಹಾಡುತ್ತ, ನಡುವೆ ದನಿ ಬಿಟ್ಟು ಅದೇ ಸ್ವರವನ್ನು ತಂತಿಯಲ್ಲಿ ಹಿಡಿಯಬೇಕು. ದನಿ ಎಲ್ಲಿ ಮುಗಿಯಿತು, ತಂತಿ ಎಲ್ಲಿ ಶುರುವಾಯಿತು ಎಂಬುದು ಟೀಚರಿಗೆ ತಿಳಿಯಬಾರದು. ತಿಳಿದರೆ ಗೋಡೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾರೆ. ಮತ್ತೆ ಮೊದಲಿನಿಂದ. ಪರೀಕ್ಷೆಗೆ ಕೂರುವ ಮಕ್ಕಳೆಲ್ಲ ಪಿಟೀಲಿನ ಪಾಠ ಮುಗಿಸಿ ಹೋಗಿಬಿಡುತ್ತಿದ್ದರು. ಈ ಗೋಡೆ ಪಾಠ ವಯೋಲದವರಿಗೆ ಮಾತ್ರ. ಈಗ ವಯೋಲ ಕಲಿಯುತ್ತಿದ್ದವಳು ಒಬ್ಬಳೇ, ತಾಂಡವಪುರದ ಶೈಲಜ. ಪ್ರೈಮರಿ ಶಾಲೆಯ ಮೇಡಂ.

ಗೋಡೆಯ ಮೇಲೆ ಕುಟ್ಟು ಬಿತ್ತು. "ಕಮಾನು ಇಟ್ಟಿದ್ದು ಕೇಳಿಸ್ತು ಕಣೇ. ಬಾಗಿಲು ತೆಗೆದಂಗೆ ಇಡಬೇಡ, ಉಸಿರು ಬಿಟ್ಟಂಗೆ ಇಡು."

"ಎಷ್ಟು ಸಲ ಮಾಡಿದ್ರೂ ನಿಮ್ಗೆ ಕೇಳಿಸ್ತದಲ್ಲ ಟೀಚರ್," ಅಂದಳು ಶೈಲಜ. "ನಮ್ಮ ಅವ್ವ ಕೇಳ್ತರ, ಯಾರ್‍ಗೂ ಕೇಳಿಸ್ಬಾರ್ದು ಅನ್ನೋದಾದ್ರೆ ಅಷ್ಟು ದೂರ ಹೋಗಿ ಯಾಕ ಕಲೀತೀಯ, ಮನೇಲೇ ಸುಮ್ನೆ ಕೂತ್ಕೊ ಅಂತ."

ಟೀಚರ್ ನಕ್ಕು ತಿರುಗಿದರು. ಆಗ ಅವರಿಗೆ ನಾವು ಕಂಡೆವು.

ವಾಕ್‌ಮನ್ ಕೊಟ್ಟು ಕೇಳಿಸಿದೆವು. ಕಣ್ಣು ಮುಚ್ಚಿ ಕೇಳಿದರು. ಚಪ್ಪಾಳೆ ಬರುವಷ್ಟರಲ್ಲಿ ಹೆಡ್‌ಫೋನ್ ತೆಗೆದರು. (ಚಪ್ಪಾಳೆ ಅವರಿಗೆ ಬೇಕಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಅಥವಾ ಇದೂ ನಾನು ಆಮೇಲೆ ಸೇರಿಸಿದ್ದೇನೋ.)

"ಅತ್ತೆ, ಅಪ್ಪಾಜಿ ಹಾಡ್ಲಿಲ್ವಾ?"

ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಏನಾದರೂ ಹೇಳಿ ಇವನನ್ನು ಸಮಾಧಾನ ಮಾಡಲಿ ಎಂದು. ಟೇಪು ಹಳೆಯದು, ಮೈಕು ಕೆಟ್ಟಿತ್ತು, ಏನಾದರೂ.

"ಇಲ್ಲ ಮಾದೇವ. ಆ ಪಂಚಮ ನಂದು."

ಟೀಚರೇ ಮುಂದುವರಿಸಿದರು. ಕೊನೆಕೊನೆಯಲ್ಲಿ ಮೇಷ್ಟ್ರಿಗೆ ಮೇಲಿನ ಸ್ವರಗಳು ಹೋಗಿದ್ದವು. ಒಂದು ಮದುವೆಯ ಕಚೇರಿಯಲ್ಲಿ ದನಿ ಒಡೆಯುವುದರಲ್ಲಿತ್ತು. ಅವರು ಬಾಯಿ ತೆರೆದರು, ನಾದ ಬರಲಿಲ್ಲ. ಟೀಚರ ಕಮಾನು ತಾನಾಗಿ ಎದ್ದು ಆ ಜಾಗ ತುಂಬಿತು. ಯಾರಿಗೂ ಗೊತ್ತಾಗಲಿಲ್ಲ. ಅವರಿಬ್ಬರೂ ಆ ಬಗ್ಗೆ ಅವತ್ತು ಮಾತಾಡಲಿಲ್ಲ, ಮುಂದೆಯೂ ಮಾತಾಡಲಿಲ್ಲ.

"ವಾಪಸ್ ಬರೋವಾಗ ಬಸ್ಸಲ್ಲಿ ನನಗೆ ಕಿಟಕಿ ಸೀಟು ಬಿಟ್ಟರು. ಅಲ್ಲೀವರೆಗೂ ಬಿಟ್ಟೋರಲ್ಲ," ಅಂದರು. "ಅವತ್ತಿಂದ ಮೇಲಕ್ಕೆ ಹೋಗೋವಾಗೆಲ್ಲ ಮುಖಾನ ಮೈಕಿಂದ ಒಂಚೂರು ಈ ಕಡೆ ತಿರುಗಿಸೋರು. ಅಷ್ಟೇ. ನನಗೆ ತಿಳಿಯೋದು."

ಮಹದೇವಸ್ವಾಮಿಗೆ ಸಿಟ್ಟು ಬಂತು. "ಹಂಗಾದ್ರೆ ಅಪ್ಪಾಜಿ ಜನುಕ್ಕೆ ಮೋಸ ಮಾಡುದ್ರು ಅನ್ನಿ!"

"ಮೋಸ ಅಂತ ಯಾರಂದ್ರು? ರಾಗ ಅವರದು. ದಾರಿ ಹಾಕಿದ್ದು ಅವರು. ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು, ಎಲ್ಲ ಅವರ ಕೈ ಹೇಳ್ತಿತ್ತು. ಮೇಲಿನ ಒಂದು ಮೆಟ್ಟಿಲು ನಂದು."

"ನಾ ಒಪ್ಪಲ್ಲ ಅತ್ತೆ. ನಾ ಅವ್ರ ಮಗ. ಅಪ್ಪಾಜಿ ದನಿ ಯಾವ್ದು, ತಂತಿ ಯಾವ್ದು ನಂಗ್ ಗೊತ್ತಾಗಲ್ವಾ?"

"ಗೋಡೆ ಕಡೆ ತಿರುಗಿ ಕೂತ್ಕೊ," ಅಂದರು ಟೀಚರ್.

ಅವನು ಕೂತ. ಶೈಲಜ ಹಾಡಬೇಕು, ಯಾವಾಗ ಬೇಕಾದರೂ ದನಿ ಬಿಡಬೇಕು, ಟೀಚರ್ ಹಿಡಿಯುತ್ತಾರೆ. ದನಿ ನಿಂತ ಕ್ಷಣ ಮಹದೇವಸ್ವಾಮಿ ಗೋಡೆ ಕುಟ್ಟಬೇಕು. ಟೀಚರ್ ವಯೋಲವನ್ನು ಎದೆಗೂ ಪಾದಕ್ಕೂ ಆನಿಸಿಕೊಂಡರು. ಶೈಲಜ ಶುರು ಮಾಡಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಅವಳ ತುಟಿ ಮುಚ್ಚಿತು. ಸ್ವರ ಮುಂದುವರಿಯುತ್ತಲೇ ಇತ್ತು. ಮಹದೇವಸ್ವಾಮಿಯ ಕೈ ಗೋಡೆಯ ಮುಂದೆ ಎತ್ತಿದ್ದು ಎತ್ತಿದಂತೆಯೇ ಇತ್ತು. ಬಹಳ ಹೊತ್ತಿನ ಮೇಲೆ ಅಂದಾಜಿಗೆ ಕುಟ್ಟಿದ. ಮತ್ತೊಮ್ಮೆ ಮಾಡಿದರು. ಈ ಸಲ ಶೈಲಜ ಇನ್ನೂ ಹಾಡುತ್ತಿದ್ದಾಗಲೇ ಕುಟ್ಟಿಬಿಟ್ಟ.

"ಸಾಕು," ಅಂದರು ಟೀಚರ್. ಆದರೆ ವಯೋಲ ಕೆಳಗಿಡಲಿಲ್ಲ. ಶೈಲಜಳಿಗೆ ಸುಮ್ಮನಿರಲು ಸನ್ನೆ ಮಾಡಿ ತಾವೊಬ್ಬರೇ ನುಡಿಸತೊಡಗಿದರು. ಕಾಂಬೋಜಿ.

ನನಗೆ ವಾದ್ಯ ಕಾಣುತ್ತಿತ್ತು. ಕಮಾನು ಕಾಣುತ್ತಿತ್ತು. ಆದ್ದರಿಂದ ನಾನು ಕೇಳಿದ್ದು ವಯೋಲವನ್ನು. ಗೋಡೆಗೆ ಮುಖ ಮಾಡಿದ್ದವನಿಗೆ ಏನು ಕೇಳಿಸಿತೋ. ಅವನ ಹೆಗಲು ಒಂದು ಸಲ ಅದುರಿತು.

"ಇದು... ಮೇಲಕ್ಕೆ ಹೋಗೋ ಮುಂಚೆ ಅಪ್ಪಾಜಿ ಗಂಟ್ಲು ಹಿಂಗೇ ಒಂಚೂರು ತಡೀತಿತ್ತು," ಅಂದ, ಗೋಡೆಗೆ.

ಟೀಚರ್ ನುಡಿಸುತ್ತಲೇ ಇದ್ದರು. ಮಧ್ಯಮ ತೂಗಿತು. ಪಂಚಮ ಬಂದು ನಿಂತಿತು. ಅದು ಮುಗಿದ ಮೇಲೂ ಅವನು ತಿರುಗಲಿಲ್ಲ.

"ಇನ್ನೊಂದ್ಸಲ ನುಡ್ಸಿ ಅತ್ತೆ."

ನುಡಿಸಿದರು.

ನಾನು ಈ ಬರಹವನ್ನು ಇಲ್ಲಿಗೆ ನಿಲ್ಲಿಸಿದ್ದರೆ ನಿಮಗೆಲ್ಲ ಸಮಾಧಾನವಾಗುತ್ತಿತ್ತೇನೋ. ಸದ್ದಿಲ್ಲದೆ ಸೇವೆ ಮಾಡಿದ ಹಿರಿಯ ಜೀವ, ಕಣ್ಣೀರಿಟ್ಟ ಮಗ. ಇಂಥ ಕಥೆಗಳೆಂದರೆ ನಮಗೆ ಬಹಳ ಇಷ್ಟ. ಹೆಸರು ಬೇಡ ಅನ್ನುವವರನ್ನು ಹೊಗಳುವುದು ಸುಲಭ, ಏಕೆಂದರೆ ಅವರಿಗೆ ನಾವು ಏನೂ ಕೊಡಬೇಕಾಗಿಲ್ಲ.

ಟೀಚರ್ ವಯೋಲ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಕೇಳಿದರು: "ಈಗ ಹೇಳು ಮಾದೇವ. ನನ್ನ ಹೆಸರು ಎಲ್ಲಿ ಹಾಕ್ತೀಯ?"

ಅವನು ಗಲಿಬಿಲಿಗೊಂಡ. "ಹಾಕಿವ್ನಲ್ಲ ಅತ್ತೆ, ಹಿಂದಗಡೆ. ಪಿಟೀಲು ಅಂತ, ನಿಮ್ ಹೆಸ್ರು."

"ನಾನು ನುಡಿಸಿದ್ದು ಪಿಟೀಲಲ್ಲ. ಮತ್ತೆ ಪಕ್ಕದಲ್ಲಿ ನುಡಿಸಿದ್ದಕ್ಕೆ ಪಕ್ಕವಾದ್ಯ ಅಂತ ಹಾಕು, ಬೇಡ ಅನ್ನಲ್ಲ. ಪಂಚಮಾನ ನಾನು ಪಕ್ಕದಲ್ಲಿ ನುಡಿಸ್ಲಿಲ್ಲ. ಅದು ನಂದು ಅಂತ ಹಾಕು."

ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

ನಾನು ಉಳಿದೆ. ಟೀಚರ್ ನನ್ನತ್ತ ತಿರುಗಿದರು. "ನೀನು ಬರೆದಿದ್ಯಲ್ಲ ಪ್ರಕಾಶ, ಪಿಟೀಲು ಬೆರಗಾಗಿ ಕೂತಿತ್ತು ಅಂತ. ಅದನ್ನ ಓದಿದ ದಿನ ನಾನು ಒಲೆ ಹಚ್ಚಲಿಲ್ಲ. ಬ್ರೆಡ್ಡು ತಿಂದು ಮಲಗಿದೆ."

"ಅಷ್ಟು ಸಿಟ್ಟು ಬಂತಾ ಟೀಚರ್?"

"ಸಂತೋಷಾನೂ ಆಯ್ತು. ಎಂ.ಎ. ಓದಿದೋನ ಕಿವೀಗೂ ಗೊತ್ತಾಗದಂಗೆ ಸೇರಿಸಿದೀನಲ್ಲ ಅಂತ. ಅದಕ್ಕೇ ಸಿಟ್ಟೂ ಬಂತು."

ಯೋಚಿಸಿ ನೋಡಿ. ಒಬ್ಬರ ಕೆಲಸ ಪರಿಪೂರ್ಣವಾದಷ್ಟೂ ಅವರು ಇಲ್ಲವಾಗುತ್ತ ಹೋಗುವುದು ಎಂಥ ಶಿಕ್ಷೆ? ಈ ಅಂಕಣದಲ್ಲಿ ನೀವು ಮೆಚ್ಚಿ ಪತ್ರ ಬರೆದ ಎಷ್ಟೋ ವಾಕ್ಯಗಳನ್ನು ನೆಟ್ಟಗೆ ನಿಲ್ಲಿಸಿದ್ದು ಪತ್ರಿಕೆಯ ಡೆಸ್ಕಿನಲ್ಲಿ ಕೂತವರು. ಅವರು ತಿದ್ದಿದ್ದು ನಿಮಗೆ ಗೊತ್ತಾಗಲಿಲ್ಲ. ಮುದ್ರಣವಾದ ಮೇಲೆ ಓದಿದರೆ ನನಗೇ ಗೊತ್ತಾಗುವುದಿಲ್ಲ. ನಾನೇ ಬರೆದದ್ದು ಅನ್ನಿಸುತ್ತದೆ. ಸರ್ಕಾರಿ ಕಚೇರಿಗಳಲ್ಲಿ ಸಾಹೇಬರ ಸಹಿಯ ಮೇಲಿನ ಸುಂದರ ಟಿಪ್ಪಣಿ ಬರೆದವರು ಯಾರು? ಸಭೆಯಲ್ಲಿ ಗಂಡನಿಗೆ ಹೊಳೆಯದ ಹೆಸರನ್ನು ಹಿಂದಿನಿಂದ ಉಸುರಿದವರು ಯಾರು? ಒಂದು ತಪ್ಪು ಮಾಡಿದ ದಿನ ಮಾತ್ರ ಅವರು ಕಾಣಿಸುತ್ತಾರೆ.

ಮಹದೇವಸ್ವಾಮಿ ಕೆಲವು ದಿನ ಬರಲಿಲ್ಲ. ಒಂದು ಸಂಜೆ ಶಿಫ್ಟ್ ಮುಗಿಸಿ ನೇರ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಕೂತ. ಒಳಗೆ ಕರೆದರೂ ಬರಲಿಲ್ಲ.

"ಹಾಕುದ್ರೆ ಅಪ್ಪಾಜಿ ಮರ್ಯಾದೆ ಏನಾಯ್ತದ ಸಾ? ಫ್ಯಾಕ್ಟ್ರೀಲಿ ಏನಂತರ?"

ನಾನು ಆ ಕಡೆಯಿಂದ ಸ್ವಲ್ಪ, ಈ ಕಡೆಯಿಂದ ಸ್ವಲ್ಪ ಹೇಳಿದೆ. ಓದಿದವರು ಹೇಳುವುದೇ ಹಾಗೆ. ಅವನು ಕೇಳಿಸಿಕೊಳ್ಳುತ್ತಿದ್ದಂತೆ ಕಾಣಲಿಲ್ಲ.

"ಬಸ್ಸಲ್ಲಿ ಕಿಟಕಿ ಸೀಟು ಬಿಟ್ರಂತಲ್ಲ ಸಾ," ಅಂದ ಕೊನೆಗೆ.

"ಹೌದು."

"ಅಪ್ಪಾಜಿ ಕಿಟಕಿ ಸೀಟ್ನ ನಮ್ಮವ್ವಂಗೂ ಬಿಟ್ಟೋರಲ್ಲ. ನಂಗೂ ಬಿಟ್ಟಿಲ್ಲ. ಚಿಕ್ಕೋನಿದ್ದಾಗ ಅತ್ತು ಹೊರಳಾಡಿದ್ರೂ ಬಿಡ್ಲಿಲ್ಲ."

ಜಗಲಿಯಿಂದ ಇಳಿದು ನಿಂತ. "ಅಪ್ಪಾಜೀನೇ ಒಪ್ಕಂಡವ್ರೆ ಸಾ. ಇನ್ ನಾನ್ಯಾವನು? ಬರ್‍ಕೊಡಿ."

ಬರೆದುಕೊಡುವ ಮೊದಲು ನಾನು ಟೀಚರ ಬಳಿ ಒಂದು ಸಲ ಹೋದೆ. ನನಗೊಂದು ಅಳುಕಿತ್ತು. ಹೆಸರು ಹಾಕಿದ ಮೇಲೆ ಕೇಳುವವರೆಲ್ಲ ದನಿ ಎಲ್ಲಿ ನಿಂತಿತು ಎಂದು ಹುಡುಕುತ್ತ ಕೇಳುತ್ತಾರೆ. ಜನ್ಮವಿಡೀ ಗೋಡೆಯತ್ತ ಮುಖ ಮಾಡಿ ಸಾಧಿಸಿದ್ದು ಒಂದು ಸಾಲಿನಿಂದ ಹೋಗಿಬಿಡುತ್ತದೆ. ಇನ್ನು ಯಾರಿಗೂ ಅದು ಮೇಷ್ಟ್ರ ದನಿಯಾಗಿ ಕೇಳಿಸುವುದಿಲ್ಲ. ಅದು ಅವರಿಗೆ ಸಮ್ಮತವೇ?

"ಗೊತ್ತು," ಅಂದರು. "ನೀನು ಬಂದು ಹೇಳ್ಬೇಕಾಗಿತ್ತಾ?"

"ಶೈಲಜನಂಥವರು ಮುಂದೆ ವಯೋಲ ಹಿಡೀಬೇಕಾದ್ರೆ ಒಂದು ಹೆಸರು ಇರಬೇಕು ಅಂತಲೇ ನೀವು..."

"ಅದೆಲ್ಲ ಬರೀಬೇಡ. ಶೈಲಜಂಗೋಸ್ಕರ ಅಲ್ಲ ಕಣಯ್ಯ. ನನಗೋಸ್ಕರ." ಎಡಗೈ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡರು. "ನನ್ನ ಕೈ ಈಗ ಮೊದಲಿನ ಹಾಗಿಲ್ಲ. ನಾನು ನುಡಿಸಿದ್ದರಲ್ಲಿ ಉಳಿದಿರೋದು ಆ ಒಂದು ಕ್ಯಾಸೆಟ್ಟು. ಅದರಲ್ಲೂ ನಾನು ಇಲ್ಲ ಅಂದ್ರೆ, ಇನ್ನೆಲ್ಲಿದ್ದೆ ಹೇಳು."

ನನ್ನ ನೆನಪಿನ ವೇದಿಕೆಯಲ್ಲೂ ಅವರ ಜಾಗದಲ್ಲಿ ಬರೀ ಜಮಖಾನೆ.

ನಾಲ್ಕು ಸಾಲಿನ ಹೊಗಳಿಕೆ ಬರೆಯಲಿಲ್ಲ. ಇಷ್ಟೇ ಬರೆದುಕೊಟ್ಟೆ: 'ಕಾಂಬೋಜಿ. ಗಾಯನ: ರುದ್ರಮೂರ್ತಿ. ವಯೋಲ ಮತ್ತು ತಾರ ಪಂಚಮ: ಸರ್ವಮಂಗಳ.' ಸ್ಟುಡಿಯೊದವರು ಇದೇನೋ ಪ್ರಿಂಟಿಂಗ್ ಮಿಸ್ಟೇಕ್ ಎಂದು ಫೋನ್ ಮಾಡಿದರಂತೆ. ಮಹದೇವಸ್ವಾಮಿ, "ಇರಾದೇ ಹಂಗೆ, ಹಾಕಿ," ಅಂದನಂತೆ.

ಕಳೆದ ವಾರ ಸಿ.ಡಿ. ಬಂತು. ಟೀಚರ ಮನೆಯಲ್ಲೇ ಸೇರಿದೆವು. ಅವರು ಕವರನ್ನು ಕೈಯುದ್ದ ದೂರ ಹಿಡಿದು, ಹಿಂಬದಿಯನ್ನು ಗಟ್ಟಿಯಾಗಿ ಓದಿದರು. ತಮ್ಮ ಹೆಸರು ಬಂದಾಗ ಓದುವುದನ್ನು ನಿಲ್ಲಿಸಿ ಕನ್ನಡಕ ಒರೆಸಿಕೊಂಡು, ಮತ್ತೆ ಮೊದಲಿನಿಂದ ಓದಿದರು. ಶೈಲಜ ಪ್ಲೇಯರ್ ತಂದಿದ್ದಳು. ಹಾಕಿದಳು.

ಮೇಷ್ಟ್ರು ಮೇಲೇರಿದರು. ಮಧ್ಯಮ. ಪಂಚಮ. ಚಪ್ಪಾಳೆ.

ಟೀಚರ್ ಮುಖ ಕಿವುಚಿದರು. ಆದರೆ ಅವರು ಬಾಯಿ ತೆರೆಯುವ ಮೊದಲೇ ಮಹದೇವಸ್ವಾಮಿ ಅಂದ, ಹಿಂಜರಿಯುತ್ತ: "ಅತ್ತೆ, ಬೇಜಾರ್ ಮಾಡ್ಕಬೇಡಿ. ನೀವು ಒಂದು ಕೂದಲೆಳೆಯಷ್ಟು ಲೇಟಾಗಿ ಬಂದ್ರಿ ಅನ್ನಿಸ್ತು."

ನಾನು ಟೀಚರ ಮುಖ ನೋಡಲಿಲ್ಲ. ತಡವಾಗಿತ್ತೇ? ನನಗೂ ಹಾಗೇ ಕೇಳಿಸಿತ್ತು, ಆದರೆ ನನ್ನ ಕಿವಿಯ ಯೋಗ್ಯತೆ ನಿಮಗೀಗ ಗೊತ್ತು.

"ಹೌದು ಕಣೋ," ಅಂದರು ಟೀಚರ್. "ತಡವಾಗೇ ಬಂದಿದೀನಿ. ಆಗಲೇ ಗೊತ್ತಿತ್ತು ನಂಗೆ." ಆಮೇಲೆ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಸೆರಗು ಬಾಯಿಗೆ ಒತ್ತಿಕೊಂಡರು.

"ಕೊನೆಗೂ ಒಬ್ಬ ನನ್ನ ತಪ್ಪು ಹಿಡಿದ ನೋಡು ಪ್ರಕಾಶ," ಅಂದರು.

ತಪ್ಪು ಹಿಡಿಯಬೇಕಾದರೂ ಮೊದಲು ಒಬ್ಬರು ನಮ್ಮ ಕಿವಿಗೆ ಬೀಳಬೇಕಲ್ಲವೇ?